ಹದಿನೇಳನೇ ಪೆಟ್ಟಿಗೆಯ ಬಂಗಾರಶೆಟ್ಟಿ

ಬಂಗಾರಶೆಟ್ಟಿ ಸತ್ತು ಆರು ತಿಂಗಳಾಗಿತ್ತು. ಉಸಿರಾಡುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಇದರಲ್ಲಿ ದೆವ್ವ ಭೂತದ ಮಾತೇನೂ ಇಲ್ಲ, ಹೆದರಬೇಡಿ. ಯುಗಾದಿ ಕಳೆದ ಮರುವಾರ ಚಾಮರಾಜನಗರದ ಹೊರಗಿನ ಕರಿಕಲ್ಲು ಪಾಲಿಶ್ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದಾಗ ಆತನ ಮೊಪೆಡ್ಡು ರಸ್ತೆಯ ಉಬ್ಬಿಗೆ ಎಗರಿ, ಆತ ತಲೆ ಅಡಿಯಾಗಿ ಬಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ನೋಡಿ ಮಿದುಳು ಸತ್ತಿದೆ ಎಂದರು. ಹೆಂಡತಿ ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ, "ಯಾರ್ಗಾದ್ರೂ ಆಗದಾದ್ರ ತಕ್ಕಳಿ" ಎಂದು ಸಹಿ ಹಾಕಿದಳು. ಮೂತ್ರಪಿಂಡ ಎರಡೂ ಇಬ್ಬರಿಗೆ ಹೋದವು, ಯಕೃತ್ತು ಇನ್ನೊಬ್ಬರಿಗೆ, ಕಣ್ಣು ಮತ್ತಿಬ್ಬರಿಗೆ. ಶ್ವಾಸಕೋಶವನ್ನು ಮಾತ್ರ ಯಾರೂ ಬೇಕೆನ್ನಲಿಲ್ಲ. ಇಪ್ಪತ್ತೆಂಟು ವರ್ಷ ಕಲ್ಲು ಕೊಯ್ದ ಎದೆ ಅದು, ಒಳಗೆಲ್ಲ ಧೂಳು ಗಟ್ಟಿಯಾಗಿ ಕೂತಿತ್ತು. ಇದನ್ನು ಇನ್ನೊಬ್ಬರಿಗೆ ಜೋಡಿಸುವುದಕ್ಕೆ ಬರುವುದಿಲ್ಲ ಎಂದು ವೈದ್ಯರು ಹೇಳಿದಾಗ, ಆ ದುಃಖದಲ್ಲೂ ಚಿಕ್ಕತಾಯಮ್ಮನಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ಮಿಕ್ಕದ್ದೆಲ್ಲ ಪಾಸಾಗಿ ಇದೊಂದೇ ಫೇಲಾಯ್ತ?" ಎಂದಳು.

"ಫೇಲಾದದ್ದೇ ನಮಗೆ ಬೇಕಾಗಿರೋದು ಅಮ್ಮ" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಹೇಳಿದಳು. ಡಾಕ್ಟರ್ ಶಮೀಮಾ. ಮೈಸೂರಿನ ಹೊರಗೆ, ನಂಜನಗೂಡು ರಸ್ತೆಯ ಮೇಲಿದ್ದ ಶ್ವಾಸಕೋಶ ಸಂಶೋಧನಾ ಕೇಂದ್ರ ಆಕೆಯದು. ಸುತ್ತಲಿನ ಊರಿನವರು ಅದನ್ನು ಉಸಿರುಮನೆ ಎನ್ನುತ್ತಿದ್ದರು.

ಉಸಿರುಮನೆಯಲ್ಲಿ ಇಪ್ಪತ್ತೆರಡು ಗಾಜಿನ ಪೆಟ್ಟಿಗೆಗಳಿದ್ದವು. ಒಂದೊಂದರಲ್ಲೂ ಯಾರೂ ಬೇಡವೆಂದ ಒಂದೊಂದು ಜೊತೆ ಶ್ವಾಸಕೋಶ. ಕೆಳಗಿನ ಕೊಳವೆಯಿಂದ ರಕ್ತದಂಥ ಬೆಚ್ಚನೆಯ ದ್ರವ, ಮೇಲಿನ ಕೊಳವೆಯಿಂದ ಶುದ್ಧ ಗಾಳಿ. ನಿಮಿಷಕ್ಕೆ ಹನ್ನೆರಡು ಸಲ ಉಬ್ಬುವುದು, ಹನ್ನೆರಡು ಸಲ ಇಳಿಯುವುದು. ಹೀಗೆ ಎಂಟು ತಿಂಗಳು, ಹೆಚ್ಚೆಂದರೆ ಒಂಬತ್ತು ತಿಂಗಳು ನಡೆಸಬಹುದಿತ್ತು. ಪೆಟ್ಟಿಗೆಯಲ್ಲಿರುವಷ್ಟು ಕಾಲ ಮನೆಯವರು ಬಂದು ನೋಡಬಹುದು, ಕೊನೆಗೆ ನಿಲ್ಲಿಸಿ ಕೊಯ್ದು ನೋಡುವ ಮುನ್ನ ಅವರ ಒಪ್ಪಿಗೆ ಇರಲೇಬೇಕು ಎಂದು ಸರ್ಕಾರ ಆಗತಾನೆ ಕಾನೂನು ಮಾಡಿತ್ತು. ಹದಿನೇಳನೇ ಪೆಟ್ಟಿಗೆ ಬಂಗಾರಶೆಟ್ಟಿಯದಾಯಿತು.

"ಇದಕ್ಕೆ ನೋವಿಲ್ಲ, ನೆನಪಿಲ್ಲ, ಯಾರು ಬಂದ್ರು ಯಾರು ಹೋದ್ರು ಗೊತ್ತಾಗಲ್ಲ. ಉಸಿರಾಡತ್ತೆ, ಆದ್ರೆ ಬದುಕಿಲ್ಲ" ಎಂದು ಡಾಕ್ಟರ್ ಶಮೀಮಾ ಬಿಡಿಸಿ ಹೇಳಿದ್ದರು. ಚಿಕ್ಕತಾಯಮ್ಮ ಅದರಲ್ಲಿ ಉಸಿರಾಡುತ್ತದೆ ಎನ್ನುವುದನ್ನಷ್ಟೇ ಕೇಳಿಸಿಕೊಂಡಳು.

ಜಗಳ ಹತ್ತಿದ್ದು ಹನ್ನೊಂದನೆಯ ದಿನ. ಮಣ್ಣು ಮಾಡಿ, ಹಾಲು ತುಪ್ಪ ಬಿಟ್ಟು ಆಗಿತ್ತು. ಬಂಗಾರಶೆಟ್ಟಿಯ ಅಕ್ಕ ರಾಚಮ್ಮ ನಾಲ್ಕು ಮಂದಿ ಹೆಂಗಸರನ್ನು ಕಟ್ಟಿಕೊಂಡು ಬಳೆ ತೆಗೆಸಲು ಬಂದಳು. ಚಿಕ್ಕತಾಯಮ್ಮ ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿಕೊಂಡು ಗೋಡೆಗೆ ಒರಗಿ ಕುಳಿತಳು.

"ಅತ್ಗಮ್ಮ, ಉಸ್ರು ನಿಂತ ಮ್ಯಾಲ ತಾನೆ ಬಳ ತಗ್ಯದು? ನಿಮ್ ತಮ್ಮಂದು ಇನ್ನೂ ನಿಂತಿಲ್ಲ. ಹೋಗಿ ನೋಡ್ಕಬನ್ನಿ."

"ಅಯ್ಯೋ ನಿನ್ ಬಾಯ್ಗ ಮಣ್ಣಾಕ! ನನ್ ಕೈಯಾರ ಮಣ್ಣಾಕ್ಬುಟ್ಟು ಬಂದಿನಿ. ಅದ್ಯಾವ್ದೋ ಗಾಜಿನ ಡಬ್ಬದಲ್ಲಿ ಚೀಲ ಊದದಂತ. ನನ್ ತಮ್ಮ ಸತ್ತೋದ ಕನಾ, ತಾಯಿ!" ರಾಚಮ್ಮ ಎದೆ ಬಡಿದುಕೊಂಡಳು.

ಕುಲದ ಯಜಮಾನರನ್ನು ಕರೆಸಿದರು. ಅವರು ಮೀಸೆ ತಿರುವಿ, ಹೂತದ್ದೂ ಸರಿ, ಉಸಿರಾಡುತ್ತಿರುವುದೂ ಸರಿ, ತಮ್ಮ ತಾತನ ಕಾಲದಿಂದ ಇಂಥದೊಂದು ನ್ಯಾಯ ಕಟ್ಟೆಗೆ ಬಂದೇ ಇಲ್ಲ ಎಂದು ಒಪ್ಪಿಕೊಂಡರು. "ಮಾದಪ್ಪ ನಡ್ಸದಂಗ ನಡೀಲಿ. ಅದು ನಿಲ್ಲಗಂಟ ಈವಮ್ಮನ ತಂಟ್ಗ ಹೋಗ್ಬ್ಯಾಡಿ" ಎಂದು ಕಾಫಿ ಕುಡಿದು ಎದ್ದುಹೋದರು. ಅಂದಿನಿಂದ ರಾಚಮ್ಮ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕೇರಿಯವರು ಎದುರಿಗೆ ಏನೂ ಅನ್ನದೆ, ಹಿಂದಿನಿಂದ ಚಿಕ್ಕತಾಯಮ್ಮನಿಗೆ ಡಬ್ಬದ ಮುತ್ತೈದೆ ಎಂದು ಹೆಸರಿಟ್ಟರು.

ನಿಜ ಹೇಳಬೇಕೆಂದರೆ ಚಿಕ್ಕತಾಯಮ್ಮ ಅಷ್ಟು ಪೆದ್ದಿಯಲ್ಲ. ಗಂಡ ಸತ್ತಿದ್ದಾನೆಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವಳ ಕಷ್ಟವೇ ಬೇರೆ. ಇಪ್ಪತ್ತೇಳು ವರ್ಷ ಅವಳು ಆ ಉಸಿರಿನ ಪಕ್ಕ ಮಲಗಿದ್ದಳು. ಕಲ್ಲಿನ ಧೂಳು ಸೇರಿದ ಆ ಎದೆ ಒಳಗೆಳೆದುಕೊಳ್ಳುವಾಗ ಕೊರ್ ಎನ್ನುತ್ತಿತ್ತು, ಬಿಡುವಾಗ ಸುಯ್ ಎಂದು ಎಳೆದು ಕೊನೆಯಲ್ಲಿ ಸಣ್ಣದಾಗಿ ಕೀ ಅನ್ನುತ್ತಿತ್ತು. ಮೊದಮೊದಲು ಬೈಯುತ್ತಿದ್ದಳು, ಆಮೇಲೆ ಅದಿಲ್ಲದೆ ನಿದ್ದೆ ಬಾರದಂತಾಯಿತು. ಆತ ಸತ್ತ ಮೇಲೆ ಮನೆಯಲ್ಲಿ ಅವಳು ಕಣ್ಣು ಮುಚ್ಚಿದ್ದು ಅಷ್ಟರಲ್ಲೇ ಇದೆ.

ಮೊದಲ ಸಲ ಉಸಿರುಮನೆಗೆ ಹೋದಾಗ ಅಲ್ಲಿನ ತಂತ್ರಜ್ಞ ಬೋಪಯ್ಯ ಪೆಟ್ಟಿಗೆಯ ಪಕ್ಕದ ಒಂದು ಗುಂಡಿ ಒತ್ತಿದರು. ಉಸಿರಿನ ಸದ್ದು ಪರೀಕ್ಷಿಸಲು ಗಾಳಿಯ ಕೊಳವೆಯಲ್ಲಿ ಒಂದು ಸಣ್ಣ ಮೈಕು ಇಟ್ಟಿದ್ದರು. ಕೊರ್. ಸುಯ್. ಕೀ. ಚಿಕ್ಕತಾಯಮ್ಮ ಕುರ್ಚಿಯ ಮೇಲೆ ಕುಸಿದಳು. ಅತ್ತಳು, ಅಳುತ್ತ ಅಳುತ್ತ ಅಲ್ಲೇ ನಿದ್ದೆ ಹೋದಳು. ನಾಲ್ಕು ಗಂಟೆ ಅಲುಗಾಡದೆ ನಿದ್ರಿಸಿದವಳನ್ನು ಬೋಪಯ್ಯ ಎಬ್ಬಿಸಲಿಲ್ಲ. ಒಂದು ಶಾಲು ತಂದು ಹೊದಿಸಿದರು. ಅವರು ಕೊಡಗಿನವರು, ಐವತ್ತು ದಾಟಿದ ಮೆತ್ತನೆಯ ಮನುಷ್ಯ. ಅಂದಿನಿಂದ ಪ್ರತಿ ಮಂಗಳವಾರ ಅವಳು ಡ್ರೈವರಿಲ್ಲದೆ ತಾನೇ ಓಡುವ ಬಸ್ಸು ಹತ್ತಿ, ಯಾರಿಗೂ ಅಲ್ಲದ ಹಾಗೆ "ಉಸ್ರುಮನ ಬಂದ್ರ ನಿಲ್ಸಪ್ಪ" ಎಂದು ಗಾಳಿಗೆ ಹೇಳಿ, ಮೈಸೂರಿಗೆ ಬಂದು, ವಾರದ ನಿದ್ದೆಯನ್ನು ಒಂದೇ ಸಲಕ್ಕೆ ಮಾಡಿ ಹೋಗುತ್ತಿದ್ದಳು.

ಆ ಪೆಟ್ಟಿಗೆಯ ಮೇಲೆ ನೆಟ್ಟಿದ್ದ ಕಣ್ಣು ಅವಳದೊಂದೇ ಅಲ್ಲ. ಮನೆಯಲ್ಲಿ ನಂಜುಂಡನಿದ್ದ.

ನಂಜುಂಡ ಚಿಕ್ಕತಾಯಮ್ಮನ ಕೊನೆಯ ತಮ್ಮ. ತಾಯಿ ಹೆತ್ತು ಹಾಸಿಗೆ ಹಿಡಿದಾಗ ಇವಳೇ ಸೊಂಟದ ಮೇಲೆ ಹೊತ್ತು ಸಾಕಿದವನು. ಬೆಳೆದ ಮೇಲೆ ಅವನಿಗೇ ತನ್ನ ಮಗಳು ಸೌಭಾಗ್ಯಳನ್ನು ಕೊಟ್ಟಿದ್ದಳು. ತಮ್ಮನೂ ಅವನೇ, ಅಳಿಯನೂ ಅವನೇ. ಬಂಗಾರಶೆಟ್ಟಿಯೇ ಅವನನ್ನು ಪಾಲಿಶ್ ಕಾರ್ಖಾನೆಗೆ ಸೇರಿಸಿದ್ದ, ಅದೂ ಒಳ್ಳೆಯ ಮನಸ್ಸಿನಿಂದಲೇ. ಕೆಲಸಕ್ಕೆ ಸೇರಿದ ಹದಿಮೂರು ವರ್ಷಕ್ಕೆ ನಂಜುಂಡನ ಎದೆಯಲ್ಲೂ ಕೊರ್ ಶುರುವಾಗಿತ್ತು. ಈಗ ಮೂರು ವರ್ಷದ ಮಗಳನ್ನು ಎತ್ತಿಕೊಂಡರೆ ಬಾಗಿಲಿನವರೆಗೆ ನಡೆಯುವಷ್ಟರಲ್ಲಿ ಇಳಿಸಿ ಗೋಡೆ ಹಿಡಿದುಕೊಳ್ಳುತ್ತಿದ್ದ. ಕೆಲಸ ಬಿಡಿಸಿ ಆಗಿತ್ತು, ಆದರೆ ಒಳಹೊಕ್ಕ ಕಲ್ಲು ಕೆಲಸ ಬಿಟ್ಟಿರಲಿಲ್ಲ.

ಡಾಕ್ಟರ್ ಶಮೀಮಾ ಹುಡುಕುತ್ತಿದ್ದ ಔಷಧಿ ಇದಕ್ಕೇ. "ನೋಡಿ, ನಮ್ಮ ಎದೆಯೊಳಗೆ ಕಸ ಗುಡಿಸೋ ಜೀವಕೋಶಗಳಿವೆ" ಎಂದು ಒಮ್ಮೆ ಆಕೆ ಪರದೆಯ ಮೇಲೆ ತೋರಿಸಿದ್ದರು. "ಹೊಗೆ, ಧೂಳು ಏನು ಬಂದ್ರೂ ನುಂಗಿ ಹೊರಗೆ ಸಾಗಿಸ್ತವೆ. ಕಲ್ಲಿನ ಪುಡಿ ನುಂಗಿದ್ರೆ ಮಾತ್ರ ಹೊಟ್ಟೆ ಹರಿದು ಅವೇ ಸತ್ತುಹೋಗ್ತವೆ. ಸತ್ತ ಕಡೆ ಗಾಯ ಆಗತ್ತೆ, ಗಾಯ ಗಂಟಾಗತ್ತೆ. ಕಲ್ಲನ್ನ ಹೊತ್ತು ಹೊರಗೆ ಹಾಕೋ ಶಕ್ತಿ ಅವಕ್ಕೆ ಕೊಡೋದು ನಮ್ಮ ಔಷಧಿ."

"ಇಲಿ ಮ್ಯಾಲ ನೋಡ್ಬೌದಲ್ಲ ಡಾಕ್ಟ್ರವ್ವ?"

"ಇಲಿ ಇರೋದೇ ಎರಡು ಮೂರು ವರ್ಷ. ಇಪ್ಪತ್ತೆಂಟು ವರ್ಷ ಕಲ್ಲು ಕೊಯ್ದಿರೋ ಇಲಿ ಎಲ್ಲಿಂದ ತರ್ಲಿ?"

ಚಿಕ್ಕತಾಯಮ್ಮನಿಗೆ ಅಂದು ಗಂಡ ಪಾಸಾದಷ್ಟೇ ಹೆಮ್ಮೆಯಾಯಿತು.

ಹೆಮ್ಮೆಯೇನೋ ಸರಿ, ಫಲ ಮಾತ್ರ ಕಾಣಿಸಲಿಲ್ಲ. ದಿನವೂ ಔಷಧಿ ಕೊಟ್ಟು, ಶ್ವಾಸಕೋಶದ ಒಂದು ಮೂಲೆಗೆ ಉಪ್ಪುನೀರು ಬಿಟ್ಟು, ಹಿಂದಕ್ಕೆಳೆದು, ಅದರಲ್ಲಿ ಕಲ್ಲಿನ ಪುಡಿ ಬಂದಿದೆಯೇ ಎಂದು ನೋಡುತ್ತಿದ್ದರು. ಆರು ತಿಂಗಳೂ ನೀರು ತಿಳಿಯಾಗಿಯೇ ಬಂತು. ಹದಿನೇಳನೇ ಪೆಟ್ಟಿಗೆಯಲ್ಲಿ ಔಷಧಿ ಕೆಲಸ ಮಾಡಿದರೆ ನಂಜುಂಡನಂಥ ನಲವತ್ತು ಜನರಿಗೆ ಮೊದಲ ಸುತ್ತಿನಲ್ಲಿ ಕೊಡಲು ಅನುಮತಿ ಸಿಗುತ್ತಿತ್ತು. ಇಲ್ಲದಿದ್ದರೆ ಇಲ್ಲ. ನಂಜುಂಡನಿಗೆ ಇನ್ನೆರಡು ಮಳೆಗಾಲ ಎಂದು ಆಸ್ಪತ್ರೆಯವರು ಹೇಳಿದ್ದರು.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವ ದಿನ. ಕೋಳಿ ತಿನ್ನುವವರಿಗೆ ಕೋಳಿ, ಬೀಡಿ ಸೇದುವವರಿಗೆ ಬೀಡಿ. ಎಡೆ ಇಟ್ಟು, ಬೀಡಿ ಹಚ್ಚಿ ಎಲೆಯ ಅಂಚಿಗಿಟ್ಟು, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಳ್ಳಬೇಕು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು.

ಚಿಕ್ಕತಾಯಮ್ಮ ಒಲೆಯ ಮುಂದೆ ಕೈ ಕಟ್ಟಿ ಕುಳಿತುಬಿಟ್ಟಳು.

"ಏನಕ್ಕ, ಒಗ್ಗರಣ ಸೀದೋಯ್ತಾ ಅದ" ಎಂದ ನಂಜುಂಡ.

"ಎಡ ಸತ್ತೋರ್ಗ ತಾನೆ ಇಕ್ಕದು? ಇಕ್ಬುಟ್ರ, ಸತ್ರು ಅಂತ ನಾನೇ ಒಪ್ಕಂಡಂಗಾಯ್ತದ. ಇಕ್ದೆ ಇದ್ರ, ಪಾಪ, ಅವ್ರು ಹಸ್ಕಂಡು ಕುಂತಿದ್ರ? ಒಂದೊತ್ತು ತಡ್ಕಳ ಜೀವ ಅಲ್ಲ ಅದು."

ಬಾಗಿಲಲ್ಲಿ ನಿಂತಿದ್ದ ಮಗಳು ಸೌಭಾಗ್ಯ ನಕ್ಕಳು, ಕಣ್ಣೂ ಒರೆಸಿಕೊಂಡಳು. "ಅವ್ವ, ಅಲ್ಗೇ ತಕ್ಕೊಂಡೋಗು. ಬದುಕಿದ್ರ ಬುತ್ತಿ, ಸತ್ತಿದ್ರ ಎಡ."

ಆ ಸಲ ಅಮಾವಾಸ್ಯೆ ಬಿದ್ದದ್ದೂ ಮಂಗಳವಾರವೇ. ಕೋಳಿಸಾರು, ಉದ್ದಿನವಡೆ, ಕಜ್ಜಾಯ, ಕುಂಬಳಕಾಯಿ ಪಲ್ಯ ಎಲ್ಲ ಕಟ್ಟಿಕೊಂಡು, ಒಂದು ಕಟ್ಟು ಬೀಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಉಸಿರುಮನೆಗೆ ಹೋದಳು. ಡಾಕ್ಟರ್ ಶಮೀಮಾ ಯಾವುದೋ ಸಭೆಯಲ್ಲಿದ್ದರು. ಬೋಪಯ್ಯ ಬುತ್ತಿಯ ವಾಸನೆ ಹಿಡಿದೇ ಸಂಗತಿ ತಿಳಿದುಕೊಂಡರು. ಕೊಡವರ ಮನೆಯಲ್ಲೂ ಕಾರಣರಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಬಡಿಸುವ ಪದ್ಧತಿ ಉಂಟಲ್ಲ.

"ಪೆಟ್ಟಿಗೆ ಹತ್ತಿರ ಬೇಡ ಅಕ್ಕ, ನನ್ನ ಕೆಲಸ ಹೋಗ್ತದೆ. ಹಿಂದಿನ ಗಾಳಿಕೋಣೆಯಲ್ಲಿ ಇಡಿ, ಯಾರೂ ಬರಲ್ಲ" ಎಂದು ಹದಿನೇಳನೇ ಪೆಟ್ಟಿಗೆಯ ಬೆನ್ನಿಗಿದ್ದ ಸಣ್ಣ ಕೋಣೆ ತೆಗೆದುಕೊಟ್ಟರು. ಪೆಟ್ಟಿಗೆಗೆ ಗಾಳಿ ಎಳೆಯುವ ಜಾಲರಿ ಗೋಡೆಯ ಬುಡದಲ್ಲಿತ್ತು. ಅದರ ಸೋಸುಪರದೆಯನ್ನು ಬೋಪಯ್ಯ ಆಗತಾನೇ ತೊಳೆಯಲು ಬಿಚ್ಚಿ ಬಿಸಿಲಿಗಿಟ್ಟಿದ್ದರು. ಐದು ನಿಮಿಷದೊಳಗೆ ಬದಲಿ ಪರದೆಯನ್ನು ಹಾಕಬೇಕಿತ್ತು. ಎಡೆಯ ಗಡಿಬಿಡಿಯಲ್ಲಿ ಅದು ಅವರ ತಲೆಯಿಂದ ಹಾರಿಹೋಯಿತು.

ಚಿಕ್ಕತಾಯಮ್ಮ ನೆಲ ಒರೆಸಿ, ಎಲೆ ಹಾಸಿ, ಬಡಿಸಿದಳು. ಬೀಡಿ ಹಚ್ಚಿ, ಜಾಲರಿಯ ಕಡೆಗಿದ್ದ ಎಲೆಯ ಅಂಚಿಗೆ ಇಟ್ಟಳು. "ಉಣ್ಣಿ. ಸಾರ್ಗ ಖಾರ ಜಾಸ್ತಿ ಆಯ್ತು ಅಂತ ಗೊಣಗ್ಬ್ಯಾಡಿ" ಎಂದಳು. ಆಮೇಲೆ ಅವಳೂ ಬೋಪಯ್ಯನೂ ಶಾಸ್ತ್ರೋಕ್ತವಾಗಿ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಬೆನ್ನು ತಿರುಗಿಸಿ ನಿಂತರು.

ಎಳೆಯದೆ ಬಿಟ್ಟ ಬೀಡಿ ಎರಡು ನಿಮಿಷಕ್ಕೆ ಆರಿಹೋಗುತ್ತದೆ, ಸೇದುವವರಿಗೆಲ್ಲ ಗೊತ್ತು. ಈ ಬೀಡಿ ಆರಲಿಲ್ಲ. ಜಾಲರಿಯ ಬಾಯಿಗೇ ತಾಗಿದಂತೆ ಇದ್ದುದರಿಂದ, ನಿಮಿಷಕ್ಕೆ ಹನ್ನೆರಡು ಸಲ ಅದನ್ನು ಎಳೆಯುವವರಿದ್ದರು.

ಪೆಟ್ಟಿಗೆಯ ಅಪಾಯದ ಗಂಟೆ ಬಡಿದುಕೊಂಡಾಗ ಇಬ್ಬರೂ ಒಳಗೆ ಓಡಿದರು. ಎಲೆಯ ಮೇಲಿನ ಅನ್ನ ಹಾಗೆಯೇ ಇತ್ತು. ಬೀಡಿ ಮಾತ್ರ ದಾರದವರೆಗೂ ಮುಗಿದಿತ್ತು. ಚಿಕ್ಕತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಆ ಗದ್ದಲದ ನಡುವೆಯೇ, "ನೋಡಿದ್ರ ಬೋಪಯ್ಯನೋರೇ, ಸೇದವ್ರ!" ಎಂದಳು.

ಡಾಕ್ಟರ್ ಶಮೀಮಾ ಬಂದು ಪರದೆಯ ಮೇಲಿನ ಗೆರೆಗಳನ್ನು ನೋಡಿದಾಗ ಅವರ ಮುಖ ಸುಣ್ಣವಾಯಿತು. ಆಕೆ ಕೂಗಾಡುವವರಲ್ಲ, ಅಂದು ಕೂಗಾಡಿದರು. "ಆರು ತಿಂಗಳು ಬೋಪಯ್ಯ! ಒಂದು ಕಣ ಧೂಳು ಸೋಕದ ಹಾಗೆ ಕಾಪಾಡಿದ್ದು! ಇನ್ನು ಇದರ ಲೆಕ್ಕ ಯಾರು ನಂಬ್ತಾರೆ?" ಬೋಪಯ್ಯ ತಲೆ ತಗ್ಗಿಸಿ ನಿಂತರು. ತನಗೊಬ್ಬಳಿಗೆ ಬೈದಿದ್ದರೆ ಚಿಕ್ಕತಾಯಮ್ಮ ತಿರುಗಿ ಎರಡು ಮಾತು ಆಡುತ್ತಿದ್ದಳು. ಆದರೆ ಡಾಕ್ಟರು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಬುತ್ತಿ ಪಾತ್ರೆ ಎತ್ತಿಕೊಂಡು ಬಸ್ಸು ಹತ್ತಿದವಳಿಗೆ ದಾರಿಯುದ್ದಕ್ಕೂ ನಂಜುಂಡನ ಮುಖವೇ ಕಾಣುತ್ತಿತ್ತು. ಸಾಕಿದ ಕೈಯಿಂದಲೇ ಅವನ ದಾರಿ ಮುಚ್ಚಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಮೂರನೆಯ ದಿನ ಫೋನು ಬಂತು.

"ಚಿಕ್ಕತಾಯಮ್ಮ, ನೀವು ಈಗಲೇ ಬರಬೇಕು" ಎಂದರು ಡಾಕ್ಟರ್ ಶಮೀಮಾ.

ನಿಲ್ಲಿಸುವುದಕ್ಕೇ ಕರೆದದ್ದು ಎಂದುಕೊಂಡು ಅವಳು ಹೋದಳು. ಮೇಜಿನ ಮೇಲೆ ಎರಡು ಬಾಟಲಿಗಳಿದ್ದವು. ಒಂದರಲ್ಲಿ ತಿಳಿನೀರು. ಇನ್ನೊಂದರಲ್ಲಿ ಬೂದಿಬಣ್ಣದ ನೀರು, ತಳದಲ್ಲಿ ಸಣ್ಣಗೆ ಕರಿಯ ಹುಡಿ.

"ಬೀಡಿ ಕರಿ ಅಲ್ವ ಅದು?" ಎಂದಳು ಅಳುಕಿ.

"ನಾನೂ ಹಾಗೇ ಅಂದ್ಕೊಂಡೆ. ನೋಡಿ ಇಲ್ಲಿ." ಸೂಕ್ಷ್ಮದರ್ಶಕದ ಕೆಳಗೆ ಹುಡಿ ಮಿನುಗುತ್ತಿತ್ತು. ಕಲ್ಲು! ಚಾಮರಾಜನಗರದ ಕರಿಕಲ್ಲು. ಬಂಗಾರಶೆಟ್ಟಿ ಇಪ್ಪತ್ತೆಂಟು ವರ್ಷ ಎದೆಯಲ್ಲಿ ಹೊತ್ತು ತಿರುಗಿದ್ದು.

ತಪ್ಪು ಔಷಧಿಯದಾಗಿರಲಿಲ್ಲ, ಗಾಳಿಯದಾಗಿತ್ತು. ಅಷ್ಟೊಂದು ಶುದ್ಧವಾದ ಗಾಳಿಯಲ್ಲಿ ಗುಡಿಸುವ ಜೀವಕೋಶಗಳಿಗೆ ಕೆಲಸವೇ ಇರಲಿಲ್ಲ. ಔಷಧಿ ಕುಡಿದು ಬಲ ಬಂದರೂ ಎಬ್ಬಿಸುವವರಿಲ್ಲದೆ ಮಲಗಿದ್ದವು. ಬೀಡಿಯ ಹೊಗೆ ನುಗ್ಗಿದ್ದೇ ತಡ, ಧಡಕ್ಕನೆ ಎದ್ದು ಹೊಸ ಕಸದ ಜೊತೆಗೆ ಹಳೆಯದನ್ನೂ ಹೊತ್ತು ಹೊರಟಿದ್ದವು.

"ಮನ ಚೊಕ್ಕಟಾಗಿದ್ರ ಪೊರಕ ಯಾರ್ ಮುಟ್ಟಾರು ಡಾಕ್ಟ್ರವ್ವ?" ಎಂದಳು ಚಿಕ್ಕತಾಯಮ್ಮ, ಇದೆಲ್ಲ ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಡಾಕ್ಟರ್ ಶಮೀಮಾ ಅವಳ ಎರಡೂ ಕೈ ಹಿಡಿದುಕೊಂಡು ಗೊಳ್ಳನೆ ನಕ್ಕರು, ಬೋಪಯ್ಯನ ಕ್ಷಮೆಯನ್ನೂ ಕೇಳಿದರು.

ಆದರೆ ಬೀಡಿ ಔಷಧಿಯಲ್ಲ ಎಂದು ಆಕೆ ಮೂರು ಸಲ ಒತ್ತಿ ಹೇಳಬೇಕಾಯಿತು, ಏಕೆಂದರೆ ಸುದ್ದಿ ಕೇಳಿದ ಸಂಜೆಯೇ ನಂಜುಂಡ ಪೆಟ್ಟಿಗೆ ಅಂಗಡಿಯ ಕಡೆ ಹೊರಟಿದ್ದ. ಸೌಭಾಗ್ಯ ಅವನ ಅಂಗಿ ಹಿಡಿದು ಎಳೆತಂದಳು. ಹೊಗೆಯ ಬದಲು, ಎದೆಗೆ ಕೆಡುಕು ಮಾಡದ ಸಕ್ಕರೆಯ ಸಣ್ಣ ಕಣಗಳ ಮಂಜನ್ನು ಡಾಕ್ಟರು ತಯಾರಿಸಿದರು. ದಿನಕ್ಕೆರಡು ಸಲ ಆ ಮಂಜು ಬಿಟ್ಟರು. ದಿನವೂ ಬೂದಿನೀರು ಬಂತು. ದೀಪಾವಳಿಯ ಹೊತ್ತಿಗೆ ಬಾಟಲಿಯ ತಳದಲ್ಲಿ ಬೆರಳ ಗೆಣ್ಣಿನಷ್ಟು ಕರಿಹುಡಿ ಕೂಡಿತು.

ಚಿಕ್ಕತಾಯಮ್ಮ ಮಂಗಳವಾರ ತಪ್ಪಿಸಲಿಲ್ಲ. ಆದರೆ ಒಂದು ಸಂಗತಿ ಅವಳು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ನಿದ್ದೆ ಕಡಿಮೆಯಾಗುತ್ತಿತ್ತು. ಮೊದಲು ಕೊನೆಯ ಆ ಕೀ ಹೋಯಿತು. ನಂತರದ ವಾರ ಕೊರ್ ಸಣ್ಣದಾಯಿತು. ಕಾರ್ತಿಕ ಮುಗಿಯುವಷ್ಟರಲ್ಲಿ ಮೈಕಿನಿಂದ ಬರುತ್ತಿದ್ದದ್ದು ಬರೀ ಗಾಳಿಯ ಸದ್ದು, ತೆಂಗಿನ ಗರಿ ಬೀಸಣಿಗೆ ಬೀಸಿದ ಹಾಗೆ. ಅವಳು ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಮಗ್ಗುಲು ಬದಲಿಸಿ, ಶಾಲು ಹೊದ್ದು, ತೆಗೆದು, ಕೊನೆಗೆ ಎದ್ದು ಕೂರುತ್ತಿದ್ದಳು.

ಆ ಹೊತ್ತಿಗೇ ಡಾಕ್ಟರ್ ಶಮೀಮಾ ಒಪ್ಪಿಗೆಯ ಕಾಗದ ಮುಂದಿಟ್ಟರು.

"ತೊಳೆದ ನೀರು ಮೇಲಿನ ದಾರಿಗಳ ವಿಷಯ ಮಾತ್ರ ಹೇಳತ್ತೆ. ಒಳಗಿನ ಗಂಟು ಕರಗಿದೆಯಾ ಅಂತ ತಿಳೀಬೇಕಾದ್ರೆ ಕೊಯ್ದು ನೋಡಬೇಕು. ಅದೂ ಈಗ, ಚೆನ್ನಾಗಿರುವಾಗಲೇ. ತಿಂಗಳು ಬಿಟ್ರೆ ತಾನಾಗೇ ಕೆಡತ್ತೆ, ಕೆಟ್ಟ ಮೇಲೆ ಏನೂ ಗೊತ್ತಾಗಲ್ಲ. ಒತ್ತಾಯ ಇಲ್ಲ ಅಮ್ಮ. ನೀವು ಬೇಡ ಅಂದ್ರೆ ಕೊನೇ ದಿನದವರೆಗೂ ನಡೆಸ್ತೀವಿ."

ಅವಳು ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ಬಂದಳು. ವಿಷಯ ತಿಳಿದ ನಂಜುಂಡ ಮಧ್ಯಾಹ್ನ ಊಟ ಬಿಟ್ಟು ಅವಳ ಪಕ್ಕ ಬಂದು ಕುಳಿತ. ಅಷ್ಟು ನಡೆದು ಬಂದದ್ದಕ್ಕೇ ಏದುಸಿರು.

"ಅಕ್ಕ, ನನ್ಗೋಸ್ಕರ ನೀನು ಸಯ್ನ್ ಹಾಕ್ಬ್ಯಾಡ. ಇನ್ನೊಂದು ತಿಂಗ್ಳು ಬಾವನ ಜೊತೇಲಿರು. ನಂದು... ಇನ್ನೊಬ್ರದು ಯಾರ್ದಾದ್ರೂ ಪೆಟ್ಗ ಬತ್ತದ."

"ಬಾಯ್ ಮುಚ್ಕ. ದೊಡ್ ಮನ್ಸ ಆಗ್ಬುಟ್ಟ" ಎಂದಳು ಚಿಕ್ಕತಾಯಮ್ಮ. ಅವನ ಬೆನ್ನು ಸವರಿದಳು. ಅಂಗೈಯ ಕೆಳಗೆ ಕೊರ್ ಎನ್ನುತ್ತಿತ್ತು. ಗಂಡನ ಎದೆಯಿಂದ ಮಾಯವಾದ ಆ ಸದ್ದು ಇಲ್ಲಿ ಬಂದು ಕೂತಿತ್ತು, ಅದನ್ನು ಕೇಳಿ ಅವಳಿಗೆ ನಿದ್ದೆಯಲ್ಲ, ಭಯ ಬಂತು. ಇಷ್ಟು ವರ್ಷ ತಾನು ಜೋಗುಳದ ಹಾಗೆ ಕೇಳುತ್ತಿದ್ದದ್ದು ಗಂಡನನ್ನು ಕೊಲ್ಲುತ್ತಿದ್ದ ಸದ್ದೇ ಎಂಬುದು ಆ ಮಧ್ಯಾಹ್ನ ಅವಳಿಗೆ ಮನದಟ್ಟಾಯಿತು. ಅವಳು ನಂಜುಂಡನ ತಟ್ಟೆ ಅಲ್ಲಿಗೇ ತಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತುತ್ತು ಮಾಡಿ ಉಣ್ಣಿಸಿದಳು.

ಮುಂದಿನ ಮಂಗಳವಾರ ಉಸಿರುಮನೆಯಲ್ಲಿ ಅವಳು ಮಲಗಲು ನೋಡಲಿಲ್ಲ. ಪೆಟ್ಟಿಗೆಯ ಗಾಜಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದಳು.

"ಬೋಪಯ್ಯನೋರೇ, ಈ ಉಸ್ರು ನಂಗೊತ್ತು ಕನಾ."

"ಹೇಗಕ್ಕ?"

"ಮದ್ವ ಆದ ಹೊಸ್ತಲ್ಲಿ ಹಿಂಗೇ ಉಸ್ರಾಡರು. ಆಗ ಕಲ್ಲಿನ ಕೆಲ್ಸಕ್ಕೋಗಿ ಇನ್ನೂ ವರ್ಷಾಗಿರ್ನಿಲ್ಲ. ಸದ್ದೇ ಇರ್ನಿಲ್ಲ. ನಾನು ಹೊಸಬ್ಳು, ಹೆದ್ರಿಕಂಡು, ಅವ್ರ್ ಮೂಗಿನ್ ಹತ್ರ ಬೆರಳಿಟ್ಟು ನೋಡ್ತಿದ್ದಿ, ಉಸ್ರು ಅದಾ ಇಲ್ವಾ ಅಂತ." ಅವಳು ನಕ್ಕಳು. ನಗುತ್ತಿದ್ದವಳ ಗಲ್ಲದ ಮೇಲೆ ನೀರು ಇಳಿಯಿತು. "ಇಪ್ಪತ್ತರ ಹುಡುಗ್ನ ಮಾಡ್ಬುಟ್ರಿ ನೀವು. ವಾಸಿ ಆಗ್ಬುಟ್ರಲ್ಲಪ್ಪ ನಮ್ಮವ್ರು. ವಾಸಿಯಾದೋರ್ನ ಇನ್ನೂ ಆಸ್ಪತ್ರೇಲಿ ಯಾಕಿಟ್ಕಬೇಕು?"

ರವಿಕೆಯಿಂದ ಕಾಗದ ತೆಗೆದು ಅಲ್ಲೇ ಪೆಟ್ಟಿಗೆಯ ಮೇಲಿಟ್ಟು ಸಹಿ ಹಾಕಿದಳು. ಬೆವರಿಗೆ ಕಾಗದ ಮೆತ್ತಗಾಗಿತ್ತು, ಪೆನ್ನು ಎರಡು ಕಡೆ ಹರಿಯಿತು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮಗೂ ನಂಜುಂಡನ ಚಿಂತೆ ಇರಬಹುದು. ಕೊಯ್ದು ನೋಡಿದಾಗ ಎಲ್ಲ ಗಂಟುಗಳೂ ಕರಗಿರಲಿಲ್ಲ. ಹಳೆಯವು ಹಾಗೆಯೇ ಇದ್ದವು, ಎಳೆಯವು ಮುಕ್ಕಾಲುಪಾಲು ಕರಗಿದ್ದವು. ನಂಜುಂಡನವು ಎಳೆಯವೇ. ಸಂಕ್ರಾಂತಿಯಾದ ಮೇಲೆ ಅವನಿಗೆ ಮೊದಲ ಸುತ್ತಿನಲ್ಲಿ ಔಷಧಿ ಸಿಕ್ಕಿತು. ಅವನು ಇಂದಿಗೂ ಓಡಲಾರ, ಆದರೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಾನೆ.

ಇವೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಅವಳಿಗೆ ಇದಾವುದೂ ಗೊತ್ತಿರಲಿಲ್ಲ.

ನಿಲ್ಲಿಸುವಾಗ ಇರುತ್ತೇನೆಂದು ಹಟ ಹಿಡಿದಳು. ಡಾಕ್ಟರ್ ಶಮೀಮಾ ಒಂದು ಕಡೆ ನಿಂತರು, ಬೋಪಯ್ಯ ಇನ್ನೊಂದು ಕಡೆ. ಗಾಳಿ ತುಂಬಿದಾಗಲೇ ಕೊಳವೆ ಮುಚ್ಚಬೇಕು, ಬರಿದಾದರೆ ಒಳಗಿನ ಗೂಡುಗಳು ಮಡಚಿಕೊಳ್ಳುತ್ತವೆ ಎಂದು ಡಾಕ್ಟರು ವಿವರಿಸಿದರು. ಅವಳು ತಲೆಯಾಡಿಸಿದಳು. ಶ್ವಾಸಕೋಶ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಬೋಪಯ್ಯ ತಿರುಪು ತಿರುಗಿಸಿದರು.

ಅದು ಉಬ್ಬಿದಂತೆಯೇ ನಿಂತಿತು. ಚಿಕ್ಕತಾಯಮ್ಮ ಇಳಿಯುವುದನ್ನೇ ಕಾದಳು. ತನ್ನ ಉಸಿರನ್ನೂ ಹಿಡಿದುಕೊಂಡಿದ್ದೇನೆಂದು ತಲೆ ತಿರುಗಿದಾಗ ಅವಳಿಗೆ ಗೊತ್ತಾಯಿತು, ಡಾಕ್ಟರ್ ಶಮೀಮಾ ಅವಳ ತೋಳು ಹಿಡಿದುಕೊಂಡರು.

"ಟೈಮೆಷ್ಟು ಡಾಕ್ಟ್ರವ್ವ?"

"ಹನ್ನೊಂದು ಇಪ್ಪತ್ತು."

"ಒಂದು ಚೀಟೀಲಿ ಬರ್ಕೊಡಿ. ಊರಲ್ಲಿ ಕೇಳ್ತಾರ."

ಚೀಟಿ ಹಿಡಿದು ಹೊರಗೆ ಬಂದು ಅವಳು ಉಸಿರುಮನೆಯ ಮೆಟ್ಟಿಲ ಮೇಲೆ ಕುಳಿತಳು. ನಂಜುಂಡನಿಗೂ ಮಗಳಿಗೂ ಆಮೇಲೆ ಹೇಳಿದರಾಯಿತು ಎನ್ನಿಸಿತು. ಮೊದಲು ಹೇಳಬೇಕಾದವಳು ಇನ್ನೊಬ್ಬಳಿದ್ದಳು. ಎಂಟು ತಿಂಗಳು ಮಾತು ಬಿಟ್ಟಿದ್ದವಳ ನಂಬರನ್ನು ಹುಡುಕಿ ಒತ್ತಿದಳು.

"ಅತ್ಗಮ್ಮ, ನಾನು ಚಿಕ್ಕತಾಯಿ. ನಿಮ್ ತಮ್ಮ ಹೋಗ್ಬುಟ್ರು."

ಆ ಕಡೆ ಏನೋ ಪಾತ್ರೆ ಕೆಳಗೆ ಬಿದ್ದ ಸದ್ದಾಯಿತು. ತನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದ ರಾಚಮ್ಮ, ಸತ್ತೋದ ಕನಾ ಎಂದು ಕೇರಿಯೆಲ್ಲ ಕೇಳುವಂತೆ ಎದೆ ಬಡಿದುಕೊಂಡಿದ್ದ ರಾಚಮ್ಮ, ಎಳೆ ಮಗುವಿನಂಥ ದನಿಯಲ್ಲಿ ಕೇಳಿದಳು.

"ಅಯ್ಯೋ... ಯಾವಾಗ್ಲವ್ವ?"

"ಈಗ್ಲೇ, ಅತ್ಗಮ್ಮ" ಎಂದಳು ಚಿಕ್ಕತಾಯಮ್ಮ.